ಮೇಲೆ ಬರಬೇಕಿಲ್ಲದ ಹಡಗು

ನಾನು ನಿವೃತ್ತನಾಗುವ ಹಿಂದಿನ ವರ್ಷ, ಜೂನ್ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ, ಮದ್ದೂರು ತಾಲ್ಲೂಕಿನ ಕೊಪ್ಪದಲ್ಲಿ ಬಸ್ ನಿಲ್ಲುವ ಜಾಗದ ಎದುರು ನಾವಿಕ ಶಿವಲಿಂಗುವಿಗೆ ಶ್ರದ್ಧಾಂಜಲಿ ಸಲ್ಲಿಸುವ ಫ್ಲೆಕ್ಸ್ ಕಟ್ಟಲಾಯಿತು. ಆಳೆತ್ತರದ ಫ್ಲೆಕ್ಸ್. ಬಿಳಿ ಸಮವಸ್ತ್ರದ ಭಾವಚಿತ್ರ, ಎರಡೂ ಕಡೆ ಉರಿಯುವ ದೀಪ, ಮೇಲೆ ಮೋಡದಿಂದ ಇಳಿಯುವ ಬೆಳಕು, ಕೆಳಗೆ ಸಾಲಾಗಿ ಗೆಳೆಯರ ಬಳಗದ ಮುಖಗಳು. ಆ ಹೊತ್ತಿನಲ್ಲಿ ಶಿವಲಿಂಗು ಸತ್ತಿದ್ದಾನೆಂದು ಖಚಿತವಾಗಿ ತಿಳಿದವರು ಯಾರೂ ಇರಲಿಲ್ಲ. ಬದುಕಿದ್ದಾನೆಂದು ತಿಳಿದವರೂ ಕೊಪ್ಪದಲ್ಲಿ ಯಾರೂ ಇರಲಿಲ್ಲ.

ನಾನು ಮಂಡ್ಯದಲ್ಲಿ ಒಂದು ಕನ್ನಡ ದಿನಪತ್ರಿಕೆಯ ಜಿಲ್ಲಾ ಪುಟ ನೋಡಿಕೊಳ್ಳುತ್ತಿದ್ದೆ. ಯಾವ ವರ್ಷ ಉಪಸಂಪಾದಕನಾದೆ, ಯಾವ ವರ್ಷ ಮುಖ್ಯ ವರದಿಗಾರನಾದೆ ಎಂಬುದರಲ್ಲಿ ಈ ಕೆಲಸಕ್ಕೆ ಹೊಸದಾಗಿ ಬರುವವರು ಕಲಿಯುವುದೇನೂ ಇಲ್ಲ. ಕೊಪ್ಪದ ಸೋಮವಾರದಲ್ಲಿ ಇದೆ. ಅದಕ್ಕೆ ಬರುವ ಮೊದಲು ಒಂದೆರಡು ಹಳೆಯ ಸಂಗತಿ ಹೇಳಬೇಕು.

ನಾನು ಕೆಲಸಕ್ಕೆ ಸೇರಿದಾಗ ಮಳವಳ್ಳಿಯ ಸುದ್ದಿ ಬಸ್ಸಿನಲ್ಲಿ ಬರುತ್ತಿತ್ತು. ಅಲ್ಲಿನ ವರದಿಗಾರ ಬರೆದ ಹಾಳೆಗಳನ್ನು ಲಕೋಟೆಗೆ ಹಾಕಿ ಕಂಡಕ್ಟರ್ ಕೈಗೆ ಕೊಡುತ್ತಿದ್ದ. ನಾವು ಮಂಡ್ಯದ ಬಸ್ ನಿಲ್ದಾಣದಲ್ಲಿ ಕಾದು ಇಳಿಸಿಕೊಳ್ಳುತ್ತಿದ್ದೆವು. ಲಕೋಟೆಯ ಜೊತೆಗೆ ಕಂಡಕ್ಟರ್ ಬಾಯಿಂದ ಇನ್ನೆರಡು ಸುದ್ದಿ ಬಿಟ್ಟಿ ಬರುತ್ತಿದ್ದವು. ಆಗಿನ ನಮ್ಮ ಮುಖ್ಯಸ್ಥರು ಸಿಡುಕಿನ ಮನುಷ್ಯ. ಬೆಳಗಿನಿಂದ ಸಂಜೆಯವರೆಗೆ ಎಲೆ ಅಡಿಕೆ ಜಗಿಯುತ್ತಿದ್ದರು, ಬಯ್ಯುವಾಗ ಮಾತ್ರ ಎದ್ದು ಹೋಗಿ ಉಗಿದು ಬರುತ್ತಿದ್ದರು. ಅವರು ಎದ್ದರೆಂದರೆ ಕಚೇರಿಯಲ್ಲಿ ಎಲ್ಲರೂ ತಲೆ ತಗ್ಗಿಸುತ್ತಿದ್ದರು.

ಒಂದು ಮಳೆಗಾಲದ ಮಧ್ಯಾಹ್ನ ಚಿಕ್ಕರಸಿನಕೆರೆಯ ಕೆರೆ ಏರಿ ಒಡೆದಿದೆ ಎಂದು ಸುದ್ದಿ ಬಂತು. ಮೂವರನ್ನು ಕೇಳಿದೆ. ಮೂವರೂ ಹೌದೆಂದರು. ಬರೆದು ಮೇಜಿನ ಮೇಲಿಟ್ಟೆ. ಮುಖ್ಯಸ್ಥರು ಎದ್ದು ಹೋಗಿ ಬಂದರು.

‘ಈ ಮೂವರಿಗೆ ಯಾರು ಹೇಳಿದರು?’

ವಿಚಾರಿಸಿದೆ. ಮೂವರೂ ಒಂದೇ ಬಸ್ಸಿನಲ್ಲಿ ಬಂದವರು. ಮೂವರಿಗೂ ಹೇಳಿದ್ದು ಒಬ್ಬನೇ ಕಂಡಕ್ಟರ್.

‘ಹಾಗಾದರೆ ಇದು ಮೂರಲ್ಲ, ಒಂದು. ಆ ಒಂದು ಎಲ್ಲಿ ಹುಟ್ಟಿತು, ಹೋಗಿ ನೋಡಿಕೊಂಡು ಬಾ.’

ಸ್ಕೂಟರಿನಲ್ಲಿ ಹೋದೆ. ಕೆರೆ ಏರಿಯ ಮೇಲೆ ಹೆಂಗಸೊಬ್ಬರು ಕಂಬಳಿ ಹಿಂಡುತ್ತಿದ್ದರು. ಏರಿ ಒಡೆದದ್ದು ಎಲ್ಲಿ ಎಂದು ಕೇಳಿದೆ.

‘ಏರಿ ಒಡ್ದದಾ? ಯಾವನ್ಲಾ ಅಂಗಂದೋನು? ನಾ ಅದ್ರ ಮ್ಯಾಲೇ ನಿಂತಿವ್ನಿ, ಕಣ್ ಕಾಣಕಿಲ್ವಾ ನಿಂಗೆ?’

ತೂಬಿನ ಬಳಿ ಒಂದು ಕಲ್ಲು ಜಾರಿತ್ತು, ಅಷ್ಟೇ. ಸಾವಿನ ಸುದ್ದಿಗೆ ಮುಖ್ಯಸ್ಥರು ಇನ್ನೊಂದು ನಿಯಮ ಸೇರಿಸಿದ್ದರು. ಮನೆಯವರ ಬಾಯಿಂದ ಕೇಳದೆ ಯಾರನ್ನೂ ಪುಟದಲ್ಲಿ ಸಾಯಿಸಬಾರದು. ಅವರು ಹೋದ ಮೇಲೂ ಈ ಎರಡು ನಿಯಮಗಳನ್ನು ನಾನು ಬಿಟ್ಟಿರಲಿಲ್ಲ. ಎರಡನೆಯ ನಿಯಮವೂ ಕೈಕೊಡಬಹುದೆಂದು ಕೊಪ್ಪದಲ್ಲಿ ಗೊತ್ತಾಯಿತು.

ಶಿವಲಿಂಗುವನ್ನು ನಾನು ಮೊದಲು ಕಂಡದ್ದು ಆ ಫ್ಲೆಕ್ಸಿಗೆ ಕೆಲವು ತಿಂಗಳ ಮುಂಚೆ. ಆಗ ನಮ್ಮ ನೌಕಾಪಡೆ ಹೊರದೇಶದಿಂದ ಗುತ್ತಿಗೆಗೆ ತಂದ ಅಣುಶಕ್ತಿಯ ದಾಳಿ ಜಲಾಂತರ್ಗಾಮಿಯನ್ನು ಓಡಿಸುತ್ತಿತ್ತು. ಅದರಲ್ಲಿ ನಮ್ಮ ಜಿಲ್ಲೆಯವನೊಬ್ಬ ಇದ್ದಾನೆ, ರಜೆಗೆ ಬಂದಿದ್ದಾನೆ ಎಂದು ಮದ್ದೂರಿನ ನಮ್ಮ ವರದಿಗಾರ ಬೋರಲಿಂಗ ಹೇಳಿದ. ಭಾನುವಾರದ ಪುಟಕ್ಕೆ ಒಂದು ಲೇಖನ ಮಾಡೋಣವೆಂದು ಇಬ್ಬರೂ ಕೊಪ್ಪಕ್ಕೆ ಹೋದೆವು.

ಜಗಲಿಯ ಮೇಲೆ ಶಿವಲಿಂಗು, ಅವನ ತಂದೆ ಕರೀಗೌಡರು. ಬಾಗಿಲಿಗೆ ಒರಗಿ ಅವನ ಹೆಂಡತಿ ಮಂಗಳ. ಶಿವಲಿಂಗು ಮೊದಲೇ ಷರತ್ತು ಹಾಕಿದ. ಹಡಗು ಎಲ್ಲಿ ನಿಲ್ಲುತ್ತದೆ, ಎಲ್ಲಿಗೆ ಹೋಗುತ್ತದೆ, ಎಷ್ಟು ಆಳಕ್ಕೆ ಇಳಿಯುತ್ತದೆ, ಅದರೊಳಗೆ ತನ್ನ ಕೆಲಸವೇನು, ಇವನ್ನು ಕೇಳಬಾರದು. ಯಾವ ದೇಶದವರಾದರೂ ಪುಸ್ತಕದಲ್ಲಿ ಓದಬಹುದಾದದ್ದನ್ನು ಮಾತ್ರ ಹೇಳುತ್ತೇನೆ ಎಂದ. ಹಾಗೆ ಅವನು ಹೇಳಿದ್ದರಲ್ಲೇ ನಾನು ಬೆಚ್ಚಿಬೀಳುವಷ್ಟು ಇತ್ತು.

ಕರೀಗೌಡರ ಹೊಲದ ತುದಿಯಲ್ಲಿ ಬೆಲ್ಲ ಕಾಯಿಸುವ ಒಂದು ಆಲೆಮನೆ ಇತ್ತು. ಮಗನ ಮಾತನ್ನು ಅವರು ಆ ಆಲೆಮನೆಯ ಒಲೆಗೆ ಹೋಲಿಸಿಯೇ ಕೇಳುತ್ತಿದ್ದರು.

‘ದಿನಕ್ಕೆ ಡೀಸೆಲ್ ಎಷ್ಟ್ಲಾ ಕುಡೀತದೆ ಅದು?’

‘ಡೀಸೆಲ್ ಬೇಕಾಗಕಿಲ್ಲ ಕಣಪ್ಪ.’

‘ಮತ್ತೆ ಕಲ್ಲಿದ್ಲಾ?’

‘ಅದೂ ಇಲ್ಲ. ಯುರೇನಿಯಂ ಅಂತ ಒಂದು ಲೋಹ. ಅದ್ರ ಕಣ ಒಡೀತದೆ, ಒಡ್ದಾಗ ಶಾಖ ಬತ್ತದೆ. ನಮ್ಮ ಆಲೆಮನೇಲಿ ಒಲೆ ಉರಿಯಾಕೆ ಗಾಳಿ ಬೇಕು, ಸರೀನಾ? ಅಲ್ಲಿ ಉರಿನೇ ಇಲ್ಲ. ಉರಿ ಇಲ್ಲ ಅಂದ್ಮೇಲೆ ಗಾಳಿ ಬ್ಯಾಡ, ಹೊಗೆನೂ ಇಲ್ಲ.’

‘ಉರಿ ಇಲ್ದೆ ನೀರು ಕಾಯ್ತದಾ? ಯಾರ್ಗ್ ಯೋಳ್ತಿದ್ದೀಯಲಾ?’

ಕಾಯುತ್ತದೆ. ಆ ಶಾಖವನ್ನು ಒಂದು ಸುತ್ತಿನ ನೀರು ಹೊರುತ್ತದೆ. ಅದು ಇನ್ನೊಂದು ಸುತ್ತಿನ ನೀರನ್ನು ಮುಟ್ಟದೆ, ಬೆರೆಯದೆ, ಕೊಳವೆಯ ಗೋಡೆಯ ಮೂಲಕ ತನ್ನ ಶಾಖವನ್ನು ಅದಕ್ಕೆ ದಾಟಿಸುತ್ತದೆ. ಎರಡನೆಯ ನೀರು ಆವಿಯಾಗಿ ಟರ್ಬೈನ್ ತಿರುಗಿಸುತ್ತದೆ, ಟರ್ಬೈನಿನ ಬಲ ಹಡಗನ್ನು ನೂಕುವ ಹಿಂದಿನ ತಿರುಗು ರೆಕ್ಕೆಗೆ ಹೋಗುತ್ತದೆ, ದೀಪಕ್ಕೂ ಯಂತ್ರಗಳಿಗೂ ವಿದ್ಯುತ್ತಾಗುತ್ತದೆ. ಒಮ್ಮೆ ತುಂಬಿದ ಇಂಧನ ವರ್ಷಗಟ್ಟಲೆ ಬರುತ್ತದೆ. ಸಮುದ್ರದ ನೀರನ್ನೇ ಬಟ್ಟಿ ಇಳಿಸಿ ಕುಡಿಯುತ್ತಾರೆ, ಅದೇ ಶುದ್ಧ ನೀರನ್ನು ವಿದ್ಯುತ್ತಿನಿಂದ ಒಡೆದು ಆಮ್ಲಜನಕ ತೆಗೆಯುತ್ತಾರೆ. ಬಿಟ್ಟ ಉಸಿರಿನ ಕೆಟ್ಟ ಗಾಳಿಯನ್ನು ರಾಸಾಯನಿಕಗಳು ಹೀರುತ್ತವೆ.

‘ಹಾಗಾದರೆ ಮೇಲೆ ಬರುವುದು ಯಾವಾಗ?’ ಎಂದು ಕೇಳಿದೆ.

‘ಅಡುಗೆ ಸಾಮಾನು ಮುಗಿದಾಗ ಸಾರ್,’ ಎಂದು ನಕ್ಕ. ‘ಹಡಗಿಗೆ ಮೇಲೆ ಬರೋ ಅವಶ್ಯಕತೆನೇ ಇಲ್ಲ. ಅದು ಇರೋದು ಮನುಷ್ಯರಿಗೆ.’

ದಾಳಿ ಜಲಾಂತರ್ಗಾಮಿಯ ಕೆಲಸವೇ ಬೇಟೆ. ಶತ್ರುವಿನ ಹಡಗನ್ನೂ ಜಲಾಂತರ್ಗಾಮಿಯನ್ನೂ ಸದ್ದಿನಿಂದ ಹುಡುಕಿ, ಅದಕ್ಕೆ ಗೊತ್ತಾಗದಂತೆ ವಾರಗಟ್ಟಲೆ ಹಿಂಬಾಲಿಸುವುದು, ಬೇಕಾದರೆ ಟಾರ್ಪಿಡೊ ಬಿಡುವುದು. ಡೀಸೆಲ್ ಜಲಾಂತರ್ಗಾಮಿ ನೀರೊಳಗೆ ಬ್ಯಾಟರಿಯಿಂದ ಓಡುತ್ತದೆ. ಜೋರಾಗಿ ಓಡಿಸಿದರೆ ಬ್ಯಾಟರಿ ಬೇಗ ಇಳಿಯುತ್ತದೆ. ಅಣುಶಕ್ತಿಯದಕ್ಕೆ ಆ ಹೆದರಿಕೆ ಇಲ್ಲ. ಅದರ ಹೆದರಿಕೆ ಬೇರೆ, ತನ್ನದೇ ಸದ್ದು. ಅದಕ್ಕೇ ಯಂತ್ರಗಳನ್ನು ರಬ್ಬರಿನ ಮೆತ್ತೆಗಳ ಮೇಲೆ ಕೂರಿಸುತ್ತಾರೆ, ಹಡಗಿನ ಮೈಗೆಲ್ಲ ರಬ್ಬರಿನ ಬಿಲ್ಲೆ ಹೊದಿಸುತ್ತಾರೆ. ಒಳಗೆ ಸೌಟು ಬಿದ್ದರೂ ಬಯ್ಗುಳ.

ಬೋರಲಿಂಗ ಕಿಟಕಿ ಇದೆಯೇ ಎಂದು ಕೇಳಿದ. ಇಲ್ಲ. ನೀರಿನ ಒತ್ತಡ ತಡೆಯಲು ಒಳಮೈ ದಪ್ಪ ಉಕ್ಕಿನ ಕೊಳವೆ. ದುಂಡಗಿದ್ದರೆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹಂಚಿಹೋಗುತ್ತದೆ. ಹೊಸಬರಿಗೆ ತೋರಿಸಲೆಂದು ಹಳಬರು ಒಂದು ಆಟ ಆಡುತ್ತಾರಂತೆ. ಹಡಗು ಮೇಲಿರುವಾಗ ಒಳಗೆ ಈ ಗೋಡೆಯಿಂದ ಆ ಗೋಡೆಗೆ ಒಂದು ದಾರ ಬಿಗಿಯಾಗಿ ಕಟ್ಟುತ್ತಾರೆ. ಆಳಕ್ಕೆ ಇಳಿದಂತೆ ದಾರ ಜೋಲುಬೀಳುತ್ತದೆ. ಉಕ್ಕಿನ ಹಡಗೇ ಅಷ್ಟು ಕುಗ್ಗಿರುತ್ತದೆ.

ಬಾಗಿಲಲ್ಲಿದ್ದ ಮಂಗಳ ಅಲ್ಲಿಯವರೆಗೆ ಮಾತಾಡಿರಲಿಲ್ಲ. ‘ಅಂತಾದ್ರೊಳಗೆ ಮಲಿಕತೀಯಾ ನೀನು? ಒಂದು ದಿನಾನೂ ಯೋಳ್ನಿಲ್ವಲ್ಲ!’

‘ಯೋಳಿದ್ರೆ ನೀ ಮಲಿಕತಿದ್ಯಾ?’

ಕೊನೆಗೆ ಫೋನಿನ ಮಾತು ಬಂತು. ರೇಡಿಯೊ ಅಲೆ ನೀರೊಳಗೆ ಹೆಚ್ಚು ದೂರ ಇಳಿಯುವುದಿಲ್ಲ. ಹಡಗಿನ ಹಿಂದೆ ತೇಲುವ ಉದ್ದನೆಯ ತಂತಿಗೆ ದಡದಿಂದ ಅಕ್ಷರ ಅಕ್ಷರವಾಗಿ ಸಂದೇಶ ಬರುತ್ತದೆ. ಹಡಗು ಕೇಳಿಸಿಕೊಳ್ಳುತ್ತದೆ, ಉತ್ತರಿಸುವುದಿಲ್ಲ. ಉತ್ತರಿಸಿದರೆ ಇರುವ ಜಾಗ ಬಯಲಾಗುತ್ತದೆ. ಮನೆಯಿಂದ ಕೆಟ್ಟ ಸುದ್ದಿ ಬಂದರೆ ಹಡಗು ದಡಕ್ಕೆ ಬರುವವರೆಗೆ ಅವನಿಗೆ ಹೇಳದೆ ಇಡಬಹುದು.

ಕರೀಗೌಡರು ಬೀಡಿ ಕೆಳಗಿಟ್ಟರು. ‘ಅಂಗಾರೆ ನಾ ಸತ್ರೂ ನಿಂಗೆ ಯೋಳಕಿಲ್ವಾ?’

‘ಯೋಳಿದ್ರೆ ಏನ್ ಮಾಡ್ಲಪ್ಪ ಅಲ್ಲಿ? ಇಳ್ದು ಬರಕಾಯ್ತದಾ?’

‘ನಾ ಸಾಯಕಿಲ್ಲ ಬುಡ್ಲಾ. ನೀ ಬರಗಂಟ ಇರ್ತೀನಿ.’

ಎಲ್ಲರೂ ನಕ್ಕೆವು. ಹೊರಡುವಾಗ ಶಿವಲಿಂಗು ಮಂಗಳನಿಗೆ ಹೇಳಿದ್ದನ್ನು ಲೇಖನದ ಕೊನೆಗೆ ಹಾಕಿದೆ. ‘ಎರಡು ಮೂರು ತಿಂಗಳು ಫೋನ್ ಬರ್ದೆ ಇದ್ರೂ ಗಾಬ್ರಿ ಮಾಡ್ಕಬೇಡ.’ ಬಿಳಿ ಸಮವಸ್ತ್ರದ ಅವನ ಚಿತ್ರದೊಂದಿಗೆ ಲೇಖನ ಅಚ್ಚಾಯಿತು.

ಫ್ಲೆಕ್ಸ್ ಕಟ್ಟಿದ ಸೋಮವಾರದ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಒಂದು ಟಿವಿ ವಾಹಿನಿಯ ಪರದೆಯ ಕೆಳಗೆ ಒಂದು ಸಾಲು ಓಡಿತು: ಸಂಪರ್ಕ ಕಳೆದುಕೊಂಡ ಜಲಾಂತರ್ಗಾಮಿ, ಶೋಧಕಾರ್ಯ ಆರಂಭ. ಯಾವ ದೇಶದ್ದು, ಯಾವ ಸಮುದ್ರದಲ್ಲಿ, ಇಲ್ಲ. ಹತ್ತು ನಿಮಿಷದೊಳಗೆ ಬೆಂಗಳೂರಿನ ಸುದ್ದಿ ವಿಭಾಗದ ಮುಖ್ಯಸ್ಥರು ಫೋನು ಮಾಡಿದರು. ‘ನಿಮ್ಮ ಜಿಲ್ಲೆಯ ಹುಡುಗನ ಲೇಖನ ಮಾಡಿದ್ರಲ್ಲ, ಅವನು ಇದ್ರಲ್ಲೇ ಇದಾನಾ ನೋಡಿ.’

ನಾನು ಬೋರಲಿಂಗನಿಗೆ ಹೇಳಿದ್ದು ಇಷ್ಟು: ಮನೆಗೆ ಫೋನು ಮಾಡಬೇಡ, ಮನೆಯವರನ್ನು ಹೆದರಿಸಬೇಡ, ನಾನು ನೌಕಾಪಡೆಯನ್ನು ಕೇಳುತ್ತೇನೆ. ಬೋರಲಿಂಗ ಮನೆಗೆ ಫೋನು ಮಾಡಲಿಲ್ಲ. ಹಾಲಿನ ಡೇರಿಯ ಕಾರ್ಯದರ್ಶಿಗೆ ಮಾಡಿದ. ‘ಶಿವಲಿಂಗು ಮನೇವ್ರು ಎಂಗವ್ರೆ? ಏನಾರ ಗೊತ್ತಾಯ್ತಾ ಅವ್ರಿಗೆ?’ ಎಂದು ಕೇಳಿದ. ಏನು ಗೊತ್ತಾಗಬೇಕಿತ್ತು ಎಂದು ಕಾರ್ಯದರ್ಶಿ ಕೇಳಿದಾಗ, ‘ಏನಿಲ್ಲ ಬುಡು, ಟಿವಿ ನೋಡು’ ಎಂದು ಇಟ್ಟುಬಿಟ್ಟ.

ಸಂಜೆ ಹಾಲು ಹಾಕುವ ಹೊತ್ತು. ಊರಿನ ಅರ್ಧ ಜನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ಕಾರ್ಯದರ್ಶಿ ಹಾಲು ಅಳೆಯುತ್ತಾ ಪೇಪರಿನವರ ಫೋನು ಬಂದಿತ್ತು ಎಂದ. ಸಾಲು ಮುಗಿಯುವ ಹೊತ್ತಿಗೆ ಅದು ಶಿವಲಿಂಗುವಿನ ಹಡಗು ಮುಳುಗಿದೆ ಎಂದಾಗಿತ್ತು. ಇದನ್ನೆಲ್ಲ ನಾನು ಆಮೇಲೆ ಒಬ್ಬೊಬ್ಬರನ್ನೇ ಕೇಳಿ ಜೋಡಿಸಿದ್ದು. ಆ ಸಂಜೆ ನನಗೆ ಏನೂ ಗೊತ್ತಿರಲಿಲ್ಲ. ನೌಕಾಪಡೆಯ ವಕ್ತಾರರ ಫೋನು ಭಾನುವಾರ ಎತ್ತುವವರಿರಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಯಲಿಯೂರಿನ ಪ್ಲಾಟ್‌ಫಾರಂ ಮೇಲೆ ಮಂಡ್ಯದ ಪ್ಯಾಸೆಂಜರ್ ರೈಲಿಗೆ ಕಾಯುತ್ತಿದ್ದೆ. ನಮ್ಮ ಮನೆ ಇರುವುದು ಅಲ್ಲೇ. ಬೋರಲಿಂಗನ ಫೋನು ಬಂತು.

‘ಸಾರ್, ಕನ್ಫರ್ಮು. ಓಗ್ಬುಟ್ಟವ್ನೆ.’

‘ಯಾರು ಹೇಳಿದ್ದು?’

‘ಅವ್ರಪ್ಪನೇ ಸಾರ್. ನಾನೇ ಮಾತಾಡ್ದೆ. “ಔದು ಕಣಪ್ಪ, ನನ್ ಮಗ ಓದ” ಅಂತ ಅತ್ಕೊಂಡ್ರು. ಫ್ಲೆಕ್ಸೂ ಕಟ್ಟವ್ರೆ. ಫೋಟೊ ಕಳ್ಸಿವ್ನಿ, ನೋಡಿ.’

ನೋಡಿದೆ. ಫ್ಲೆಕ್ಸಿನ ಚಿತ್ರ ನಮ್ಮ ಪತ್ರಿಕೆಯಿಂದ ತೆಗೆದದ್ದು. ಮುದ್ರಣದ ಚುಕ್ಕೆಗಳು ದೊಡ್ಡದಾಗಿ ಮುಖದ ಮೇಲೆ ಕಾಣುತ್ತಿದ್ದವು. ರೈಲು ಬಂತು, ನಾನು ಹತ್ತಲಿಲ್ಲ.

ಅಷ್ಟರಲ್ಲಿ ಬೆಂಗಳೂರಿನಿಂದ ಫೋನು. ‘ಒಂದು ನ್ಯೂಸ್ ಪೋರ್ಟಲ್ ಆಗಲೇ ಹಾಕಿದೆ, ಫೋಟೊ ಸಮೇತ. ತಂದೆಯೇ ಒಪ್ಪಿದ್ದಾರಂತಲ್ಲ. ನಾವು ಇನ್ನೇನು ಕಾಯೋದು?’

‘ತಂದೆಗೆ ಯಾರು ಹೇಳಿದ್ದು ಅಂತ ಗೊತ್ತಾಗಬೇಕು,’ ಎಂದೆ.

‘ತಂದೆಗಿಂತ ದೊಡ್ಡ ಮೂಲ ಯಾವುದ್ರೀ?’

ಹನ್ನೆರಡು ಗಂಟೆಯವರೆಗೆ ಸಮಯ ಕೊಡಿ ಎಂದು ಕೇಳಿ, ಬಾಡಿಗೆ ಕಾರು ಹಿಡಿದು ಹೊರಟೆ.

ಕೊಪ್ಪದಲ್ಲಿ ಶಾಮಿಯಾನ ಹಾಕಿ ಆಗಿತ್ತು. ಕೆಂಪು ಪ್ಲಾಸ್ಟಿಕ್ ಕುರ್ಚಿಗಳು ತುಂಬಿದ್ದವು. ಕರೀಗೌಡರು ಜಗಲಿಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಕುಳಿತಿದ್ದರು. ನಮ್ಮ ಲೇಖನ ಬಂದ ಪುಟವನ್ನು ಗೋಡೆಗೆ ಅಂಟಿಸಿ ಹಾರ ಹಾಕಿದ್ದರು. ಒಳಗೆ ಹೆಂಗಸರು ಹಿತ್ತಲ ಬಾಗಿಲಲ್ಲಿ ಗುಂಪುಗೂಡಿ ಯಾರನ್ನೋ ಕರೆಯುತ್ತಿದ್ದರು. ಮಂಗಳ ಕೊಟ್ಟಿಗೆಯಲ್ಲಿದ್ದಳು. ಬಳೆ ತೆಗೆಸಬೇಕೆಂದು ಅತ್ತೆಯ ಕಡೆಯ ಮುದುಕಿಯೊಬ್ಬರು ಹಟ ಹಿಡಿದಿದ್ದರು. ಅವಳು ಹಸುವಿನ ಕೆಚ್ಚಲ ಬಳಿ ಕುಳಿತು ಎದ್ದೇ ಇರಲಿಲ್ಲ.

‘ಏಳವ್ವ, ಇನ್ನೆಷ್ಟೊತ್ತು ಅಲ್ಲೇ ಕೂತೀಯೆ?’

‘ಹಸ ಕರೀತಿವ್ನಿ.’

‘ಎರಡು ಗಂಟೆ ಹೊತ್ತಿಂದ ಒಂದೇ ಹಸ ಕರೀತಿದ್ದೀಯಲ್ಲೇ!’

‘ನೀವು ಓಗಗಂಟ ಕರೀತೀನಿ. ಹೆಣ ತೋರ್ಸಿ, ಬಳೆ ನಾನೇ ಒಡ್ಕತೀನಿ.’

‘ಸಮುದ್ರದಾಗಿಂದ ಹೆಣ ಎಲ್ಲಿಂದ ತರದೇ ತಾಯಿ?’

‘ಅಂಗಾರೆ ಬಳೆನೂ ಇಲ್ಲ.’

ನನ್ನನ್ನು ಕಂಡು ಅವಳು ಎದ್ದು ನಿಂತಳು. ಬೇರೇನೂ ಕೇಳಲಿಲ್ಲ. ‘ಸಾರ್, ನಿಮ್ ಪೇಪರ್‌ನಲ್ಲಿ ಬಂದದಾ?’

‘ಇಲ್ಲ.’

‘ಬರ್ಸಬ್ಯಾಡಿ.’

ಮೂವತ್ತು ವರ್ಷದಲ್ಲಿ ಅದೇ ಮಾತನ್ನು ಎಷ್ಟೋ ಜನ ನನಗೆ ಹೇಳಿದ್ದರು. ಕಳ್ಳತನ ಮಾಡಿದವರು ಹೇಳಿದ್ದರು, ಲಂಚ ತಿಂದವರು ಹೇಳಿದ್ದರು. ಹೀಗೆ ಯಾರೂ ಹೇಳಿರಲಿಲ್ಲ.

ಜಗಲಿಗೆ ಬಂದು ಕರೀಗೌಡರ ಪಕ್ಕ ಕುಳಿತೆ. ಯಾರು ಹೇಳಿದರೆಂದು ಕೇಳಿದೆ. ಡೇರಿಯವನು ಎಂದರು. ಡೇರಿಯವನು ಅಲ್ಲೇ ಕುರ್ಚಿಯಲ್ಲಿದ್ದ. ಅವನಿಗೆ ಯಾರು ಹೇಳಿದರೆಂದು ಕೇಳಿದೆ.

‘ನಿಮ್ ಪೇಪರ್‌ನೋರೇ ಅಲ್ವಾ ಸಾರ್ ಫೋನ್ ಮಾಡಿದ್ದು?’ ಎಂದು ನನ್ನ ಹಿಂದೆ ನಿಂತಿದ್ದ ಬೋರಲಿಂಗನ ಕಡೆ ಕೈ ತೋರಿಸಿದ.

ನಾನು ತಿರುಗಿ ನೋಡಿದೆ. ಕೇಳಲು ಹೋದವನ ಪ್ರಶ್ನೆ ಡೇರಿಗೆ ಹೋಗಿ ಉತ್ತರವಾಗಿ, ಆ ಉತ್ತರ ಮನೆಗೆ ಹೋಗಿ ದುಃಖವಾಗಿ, ಆ ದುಃಖವನ್ನೇ ಅವನು ಬೆಳಿಗ್ಗೆ ಫೋನಿನಲ್ಲಿ ಕೇಳಿ ಖಚಿತ ಎಂದು ನನಗೆ ಹೇಳಿದ್ದ. ಮನೆಯವರ ಬಾಯಿಂದ ಕೇಳಿದ್ದೇನೋ ನಿಜ. ಮನೆಯವರು ಕೇಳಿದ್ದು ನಮ್ಮ ಬಾಯಿಂದ.

‘ಅಷ್ಟೇ ಅಲ್ಲ ಸಾರ್,’ ಎಂದ ಡೇರಿಯವನು. ‘ಚನ್ನಪ್ಪಣ್ಣಾರೂ ಅಂಗೇ ಅಂದ್ರು.’

ಮಳವಳ್ಳಿಯ ಚನ್ನಪ್ಪ ಶಾಮಿಯಾನದ ಮುಂದಿನ ಕುರ್ಚಿಯಲ್ಲಿದ್ದರು. ಜಲಾಂತರ್ಗಾಮಿಯಲ್ಲಿ ಯಂತ್ರ ನೋಡಿಕೊಂಡು ನಿವೃತ್ತರಾಗಿ ಬಂದವರು. ದಪ್ಪ ಮೀಸೆ, ಗಟ್ಟಿ ಗಂಟಲು, ಯಾವ ವಿಷಯ ಬಂದರೂ ಕೊನೆಯ ಮಾತು ಅವರದೇ. ಭಾನುವಾರ ಸಂಜೆ ಯಾರೋ ಫೋನು ಮಾಡಿ, ಎರಡು ತಿಂಗಳಿಂದ ಶಿವಲಿಂಗುವಿನ ಸುದ್ದಿಯೇ ಇಲ್ಲ, ಈಗ ಟಿವಿಯಲ್ಲಿ ಹೀಗೆ ಬರುತ್ತಿದೆ ಎಂದು ಕೇಳಿದ್ದಾರೆ. ಎರಡು ತಿಂಗಳು ಮೇಲೆ ಬಂದಿಲ್ಲವೆಂದರೆ ಆಸೆ ಬಿಡಿ ಎಂದು ಇವರು ಧ್ವನಿ ಸಂದೇಶ ಕಳಿಸಿದ್ದಾರೆ. ಅದು ಊರಿನ ಎಲ್ಲ ಫೋನುಗಳಲ್ಲೂ ಇತ್ತು.

‘ಏನಾಧಾರದ ಮೇಲೆ ಹೇಳಿದಿರಿ?’

‘ಆಧಾರನಾ? ಹದಿನೈದು ವರ್ಷ ಅದ್ರೊಳಗೇ ಮಲಗಿವ್ನಿ ಕಣ್ರೀ. ಬ್ಯಾಟ್ರಿ ಇಳೀತು ಅಂದ್ರೆ ಮೂಗು ಎತ್ಲೇಬೇಕು. ನೀರ್ ಮ್ಯಾಲೆ ಒಂದು ಕೊಳವೆ ಎತ್ತಿ, ಗಾಳಿ ಎಳ್ದು, ಡೀಸೆಲ್ ಇಂಜಿನ್ ಓಡ್ಸಿ ಚಾರ್ಜ್ ಮಾಡ್ಕಬೇಕು. ಎತ್ನಿಲ್ಲ ಅಂದ್ರೆ ಕೆಲವೇ ದಿನದಲ್ಲಿ ಒಳಗೆ ಉಸ್ರು ಕಟ್ತದೆ. ಎರಡು ತಿಂಗಳಂತೆ!’

‘ನೀವು ಇದ್ದದ್ದು ಡೀಸೆಲ್ ಹಡಗಿನಲ್ಲಿ?’

‘ಹೂಂ. ಯಾಕೆ, ಅದೇನು ಸಬ್‌ಮೆರೀನ್ ಅಲ್ವಾ? ಬ್ಯಾಟ್ರೀಲಿ ಓಡುವಾಗ ನಮ್ಮಷ್ಟು ಸದ್ದಿಲ್ದೋನು ಇಲ್ಲ. ನಿಮ್ ಅಣುಶಕ್ತೀದು ಪಂಪು ಯಾವಾಗ್ಲೂ ಗುಂಯ್ ಅಂತಿರ್ತದೆ.’

ಅದು ನಿಜ. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಎಲ್ಲವೂ ಬೇರೆ ಹಡಗಿನ ನಿಜ.

‘ಶಿವಲಿಂಗುವಿನದು ಮೂಗು ಎತ್ತಬೇಕಾ?’

ಮಂಗಳ ಹಾಲಿನ ಪಾತ್ರೆ ಹಿಡಿದು ಬಾಗಿಲಿಗೆ ಬಂದಿದ್ದಳು.

‘ಯೋಳಣ್ಣ,’ ಎಂದಳು. ‘ಎತ್ಬೇಕಾ?’

ಚನ್ನಪ್ಪ ಅವಳ ಕಡೆ ತಿರುಗಿದರು. ‘ಇಲ್ಲ ಕಣವ್ವ. ಅದಕ್ಕೆ ಬೇಕಾಗಕಿಲ್ಲ. ನಾ ಅದ್ರೊಳಕ್ಕೆ ಇಳ್ದೋನಲ್ಲ. ಎರಡು ತಿಂಗಳು ಅಂದೇಟ್ಗೆ ನಮ್ ಲೆಕ್ಕದಲ್ಲೇ ಅಂದ್ಬುಟ್ಟೆ.’

‘ಅಂದ್ಬುಟ್ಟೆ ಅಂದ್ರೆ? ನಿನ್ ಮಾತಿಗೆ ಇವ್ರೆಲ್ಲಾ ನನ್ ಕೈ ಹಿಡ್ಕಂಡವ್ರಲ್ಲಣ್ಣ!’

ಚನ್ನಪ್ಪ ಎದ್ದು ಹೋಗಿ ಗೋಡೆಯ ಮೇಲಿನ ಹಾರ ತೆಗೆದರು.

ಹನ್ನೊಂದೂವರೆಗೆ ನೌಕಾಪಡೆಯ ವಕ್ತಾರರು ಫೋನಿನಲ್ಲಿ ಸಿಕ್ಕರು. ಟಿವಿಯ ಸಾಲು ಬೇರೆ ದೇಶವೊಂದರ ರಕ್ಷಣಾ ಕವಾಯತಿನದು. ಮುಳುಗಿದಂತೆ ನಟಿಸಿ ಹುಡುಕುವ ಅಭ್ಯಾಸ. ಅದನ್ನು ಯಾರೋ ನಿಜವೆಂದು ಓದಿದ್ದಾರೆ. ನಮ್ಮ ಯಾವ ಹಡಗಿಗೂ ಅವಘಡವಾದ ವರದಿ ಇಲ್ಲ. ಅಣುಶಕ್ತಿಯ ಹಡಗು ಈಗ ಎಲ್ಲಿದೆ ಎಂದು ಕೇಳಿದೆ. ಅದನ್ನು ಹೇಳುವುದಿಲ್ಲ ಎಂದರು.

ಜಗಲಿಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ. ಹೆಂಗಸರು ಅತ್ತರು, ಕೆಲವರು ನಕ್ಕರು. ಕರೀಗೌಡರು ಮಾತ್ರ ಕಣ್ಣು ತೆರೆಯಲಿಲ್ಲ.

‘ಎಲ್ಲವ್ನೆ ಅಂತ ಯೋಳ್ನಿಲ್ವಲ್ಲ ಸಾಮಿ.’

‘ಅದನ್ನು ಯಾರಿಗೂ ಹೇಳುವುದಿಲ್ಲ ಗೌಡ್ರೆ. ಅದೇ ಆ ಹಡಗಿನ ಕೆಲಸ.’

‘ಬದುಕವ್ನೆ ಅಂತಾನೂ ಅನ್ನಿಲ್ಲ. ಸತ್ತೋರ ಇಸ್ಯ ಸರ್ಕಾರದೋರು ಯಾವತ್ ಸಟ್ಟಂತ ಯೋಳವ್ರೆ?’

ಫ್ಲೆಕ್ಸ್ ಬಿಚ್ಚಿ ತಂದ ಗೆಳೆಯರ ಬಳಗದವರು ಅದನ್ನು ಸುಡುವುದೋ ಕೆರೆಗೆ ಹಾಕುವುದೋ ಎಂದು ಚರ್ಚಿಸುತ್ತಿದ್ದರು. ಮಂಗಳ ಬಂದು ಕಿತ್ತುಕೊಂಡು ಮಡಿಚಿ ಒಳಗಿಟ್ಟಳು.

ನಮ್ಮ ಪತ್ರಿಕೆಯಲ್ಲಿ ಏನೂ ಬರಲಿಲ್ಲ. ಪೋರ್ಟಲಿಗೆ ಫೋನು ಮಾಡಿದೆ. ಪರಿಶೀಲಿಸುತ್ತೇವೆ ಎಂದರು. ಬೆಂಗಳೂರಿನ ಮುಖ್ಯಸ್ಥರು ಆ ದಿನ ಬಚಾವಾದೆವು ಎಂದರು, ಮರುದಿನದ ಸಭೆಯಲ್ಲಿ ಮಂಡ್ಯದವರು ನಿಧಾನ ಎಂದರು. ಬೋರಲಿಂಗ ಅಂದಿನಿಂದ ಸಾವಿನ ವಿಚಾರಕ್ಕೆ ಫೋನು ಮುಟ್ಟಿಲ್ಲ. ಬೈಕು ಹತ್ತಿ ಹೋಗುತ್ತಾನೆ, ಮನೆ ಮುಂದೆ ಚಪ್ಪಲಿ ರಾಶಿ ಇದೆಯೇ ನೋಡಿ, ಇಲ್ಲದಿದ್ದರೆ ನೀರು ಕೇಳಿ ಕುಡಿದು ಬರುತ್ತಾನೆ.

ಆ ತಿಂಗಳ ಕೊನೆಯ ವಾರ ಮಂಗಳ ನನಗೆ ಫೋನು ಮಾಡಿದಳು.

‘ಸಾರ್, ನಮ್ ಮಾವ ಓದ್ರು. ಬೆಳಿಗ್ಗೆ ಏಳ್ನಿಲ್ಲ. ಇದ್ನ ಬರ್ಸಿ. ಮನೇವ್ಳೇ ಯೋಳ್ತಿವ್ನಿ.’

ಹೃದಯಾಘಾತ ಎಂದು ವೈದ್ಯರು ಹೇಳಿದರು. ಆ ಸೋಮವಾರದಿಂದ ಅವರು ಸರಿಯಾಗಿ ಉಂಡಿರಲಿಲ್ಲ ಎಂದು ಮನೆಯವರು ಹೇಳಿದರು. ಮೊದಲೇ ಎದೆ ನೋವಿತ್ತು ಎಂದೂ ಹೇಳಿದರು. ಎರಡಕ್ಕೂ ಸಂಬಂಧವಿದೆಯೆಂದು ನಾನು ಬರೆಯಲಾರೆ. ಇಲ್ಲವೆಂದೂ ಬರೆಯಲಾರೆ. ಮಗನಿಗೆ ತಿಳಿಸಲು ನೌಕಾನೆಲೆಗೆ ಸುದ್ದಿ ಕೊಟ್ಟರು. ತಲುಪಿದೆ ಎಂದು ಉತ್ತರ ಬಂತು. ಯಾರಿಗೆ ತಲುಪಿದೆ ಎಂದು ಉತ್ತರದಲ್ಲಿರಲಿಲ್ಲ. ತಮ್ಮನ ಮಗನ ಕೈಯಿಂದ ಕರೀಗೌಡರ ಕಾರ್ಯ ನಡೆಯಿತು. ನಾನು ಹೋಗಿದ್ದೆ. ಮಂಗಳನ ಕೈಯಲ್ಲಿ ಬಳೆಗಳಿದ್ದವು. ಆ ಮುದುಕಿ ಅವುಗಳನ್ನೇ ನೋಡುತ್ತಿದ್ದರು.

ಜುಲೈ ತಿಂಗಳ ಒಂದು ಸಂಜೆ ಮಂಗಳನ ಫೋನು ಮೊಳಗಿತು. ಅವಳು ಆಮೇಲೆ ನನಗೆ ಹೇಳಿದಂತೆ ಬರೆಯುತ್ತೇನೆ. ಆ ಕಡೆ ಶಿವಲಿಂಗು. ದಡಕ್ಕೆ ಬಂದು ಫೋನು ಕೈಗೆ ಸಿಕ್ಕ ಕೂಡಲೇ ಮಾಡಿದ್ದ, ಮನೆಯ ಸುದ್ದಿ ಹೇಳಲು ಅಧಿಕಾರಿ ಕರೆಸುವುದಕ್ಕೂ ಮೊದಲು.

‘ಎಂಗಿದ್ದೀಯೆ? ಯಾಕ್ ಅಳ್ತೀಯೆ? ಬಂದೆ ಕಣೆ, ಮುಗೀತು. ಅಪ್ಪ ಎಲ್ಲವ್ನೆ? ಫೋನ್ ಕೊಡು. ನಾ ಬರಗಂಟ ಇರ್ತೀನಿ ಅಂದಿದ್ದ, ಏನಂತೆ ಕೇಳಾನ.’

ಅವಳು ಫೋನನ್ನು ಜಗಲಿಯಲ್ಲಿ ಮಾವ ಒರಗುತ್ತಿದ್ದ ಕಂಬದ ಬಳಿಯ ಖಾಲಿ ಜಾಗದಲ್ಲಿ ಇಟ್ಟು ಕೊಟ್ಟಿಗೆಗೆ ಹೋದಳಂತೆ. ಅಪ್ಪ ಹೋದದ್ದನ್ನು ಅವನಿಗೆ ಹೇಳಿದ್ದು ಫೋನು ಎತ್ತಿಕೊಂಡ ಪಕ್ಕದ ಮನೆಯವರು.

ಶಿವಲಿಂಗು ಸತ್ತ ಸುದ್ದಿ ಆ ಪೋರ್ಟಲಿನಲ್ಲಿ ಇನ್ನೂ ಇದೆ. ಇವತ್ತು ಬೆಳಿಗ್ಗೆಯೂ ನೋಡಿದೆ.

ಗುತ್ತಿಗೆ ಮುಗಿದು ಹಡಗು ಅದರ ದೇಶಕ್ಕೆ ಹಿಂತಿರುಗಿತು. ಶಿವಲಿಂಗು ಸೇವೆ ಮುಗಿಸಿ ಊರಿಗೆ ಬಂದ. ಕಳೆದ ತಿಂಗಳು ಕೊಪ್ಪಕ್ಕೆ ಹೋಗಿದ್ದೆ, ಮಳೆ ಬರುತ್ತಿತ್ತು. ಕೊಟ್ಟಿಗೆಯ ಮಾಡಿಗೆ ಹೆಂಚಿನ ಕೆಳಗೆ ಆ ಫ್ಲೆಕ್ಸ್ ಕಟ್ಟಿದ್ದರು, ಚಿತ್ರದ ಮಗ್ಗುಲು ಕೆಳಕ್ಕೆ. ದೀಪಗಳ ಬಣ್ಣ ಹೋಗಿದೆ, ಮುಖ ಇನ್ನೂ ಕಾಣುತ್ತದೆ. ಅದರ ಕೆಳಗೆ ಶಿವಲಿಂಗು ಹಸುವಿಗೆ ಹುಲ್ಲು ಹಾಕುತ್ತಿದ್ದ, ಮಂಗಳ ಹಾಲು ಕರೆಯುತ್ತಿದ್ದಳು.